ಅಳಿಸಲಾಗದ ನಾಲ್ಕು ಸಾಲು: ಫ್ಲ್ಯಾಶ್ ನೆನಪಿನ ಒಂದು ಚರಿತ್ರೆ

2004ರ ಜನವರಿ 21ರಂದು ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿದ್ದ ಸ್ಪಿರಿಟ್ ಎಂಬ ರೋವರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಅದು ಅಲ್ಲಿಗೆ ಇಳಿದು ಮೂರು ವಾರವೂ ಆಗಿರಲಿಲ್ಲ. ಸಂಕೇತ ಕಳಿಸುತ್ತಿದ್ದ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕೇಂದ್ರದಲ್ಲಿ ಹವೆ ಕೆಟ್ಟಿತ್ತು; ಅದರಿಂದಲೇ ಹೀಗಾಗಿರಬೇಕು ಎಂದು ನಾಸಾದ ಎಂಜಿನಿಯರುಗಳು ಮೊದಲು ಅಂದುಕೊಂಡರು. ಮಳೆ ನಿಂತರೂ ರೋವರ್ ಸರಿಹೋಗಲಿಲ್ಲ.

ಕೆಟ್ಟಿದ್ದು ಚಕ್ರವಲ್ಲ, ಆಂಟೆನಾ ಅಲ್ಲ. ಅದರ ಫ್ಲ್ಯಾಶ್ ಮೆಮೊರಿಯ ಲೆಕ್ಕಪತ್ರ ಕೆಟ್ಟಿತ್ತು. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಲವು ನೂರು ರೂಪಾಯಿಯ ವೈಫೈ ಬೋರ್ಡಿಗೆ ಪ್ರೋಗ್ರಾಂ ತುಂಬಲು ಹೋಗಿ, ಪರದೆಯ ಮೇಲೆ ಕೆಂಪು ಅಕ್ಷರದ ದೋಷ ಸಂದೇಶ ನೋಡುತ್ತ ಕೂರುತ್ತಾರಲ್ಲ, ಆ ಸಂಕಟಕ್ಕೂ ಈ ಘಟನೆಗೂ ಹತ್ತಿರದ ನೆಂಟಸ್ತಿಕೆಯಿದೆ. ಅದನ್ನು ತಿಳಿಯಲು ಯಂತ್ರದ ನೆನಪು ಅಳಿಸಿ ಬರೆಯುವಂಥದ್ದಾಗಿದ್ದು ಹೇಗೆ ಎಂಬಲ್ಲಿಂದ ಹೊರಡಬೇಕು.

ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಗಳ ಕಂಪ್ಯೂಟರಿನಲ್ಲಿ ಮುಖ್ಯ ಪ್ರೋಗ್ರಾಂ ಅಕ್ಷರಶಃ ನೇಯ್ದದ್ದು. ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಥಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಮಹಿಳೆಯರು ಕೂತು, ಸಣ್ಣ ಕಾಂತೀಯ ಉಂಗುರಗಳ ನಡುವೆ ತಂತಿ ಪೋಣಿಸುತ್ತಿದ್ದರು. ತಂತಿ ಉಂಗುರದೊಳಗೆ ಹಾದರೆ 1, ಹೊರಗೆ ಹಾದರೆ 0. ಕಲ್ಲಿನ ಶಾಸನದಂತೆ ಗಟ್ಟಿ, ಶಾಸನದಂತೆಯೇ ತಿದ್ದಲು ಕಷ್ಟ. 1971ರ ಫೆಬ್ರುವರಿಯಲ್ಲಿ ಅಪೊಲೊ 14 ಚಂದ್ರನಿಗೆ ಇಳಿಯಲು ಸಿದ್ಧವಾಗುತ್ತಿದ್ದಾಗ, ‘ಇಳಿಯುವುದನ್ನು ಕೈಬಿಡು’ ಎಂಬ ಗುಂಡಿಯಿಂದ ಸುಳ್ಳು ಸಂಕೇತ ಬರತೊಡಗಿತು. ಸ್ವಿಚ್ಚಿನೊಳಗೆ ಬೆಸುಗೆಯ ಚೂರೊಂದು ತೇಲಾಡುತ್ತಿರಬೇಕು ಎಂದು ಊಹಿಸಿದರು. ನೇಯ್ದ ಪ್ರೋಗ್ರಾಂ ಬದಲಿಸುವ ಮಾತೇ ಇರಲಿಲ್ಲ. ಎಂಐಟಿಯ ಡಾನ್ ಐಲ್ಸ್ ಎಂಬ ಯುವಕ, ಕಂಪ್ಯೂಟರಿನಲ್ಲಿ ಅಳಿಸಿ ಬರೆಯಬಹುದಾಗಿದ್ದ ಪುಟ್ಟ ಭಾಗವನ್ನು ಬಳಸಿ, ಆ ಗುಂಡಿಯನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಮಾಡುವ ಉಪಾಯ ಹೂಡಿದ. ಭೂಮಿಯಿಂದ ಓದಿ ಹೇಳಿದ ಆ ಅಂಕಿಗಳನ್ನು ನೌಕೆಯಲ್ಲಿದ್ದ ಎಡ್ಗರ್ ಮಿಚೆಲ್ ಕೀಲಿಮಣೆಯಲ್ಲಿ ಒತ್ತಿದ. ನೌಕೆ ಇಳಿಯಿತು.

ಅದೇ 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಹೊಸ ಬಗೆಯ ಚಿಪ್ ತೋರಿಸಿದರು. ಅದು ಹುಟ್ಟಿದ್ದೇ ಒಂದು ದೋಷ ಹುಡುಕುವ ಕೆಲಸದಲ್ಲಿ. ಕಂಪನಿಯ ಹಳೆಯ ಮೆಮೊರಿ ಚಿಪ್ಪುಗಳು ಏಕೆ ಕೆಡುತ್ತಿವೆ ಎಂದು ನೋಡುತ್ತಿದ್ದಾಗ, ಯಾವುದಕ್ಕೂ ಜೋಡಣೆಯಿಲ್ಲದೆ ಉಳಿದ ವಾಹಕದ ತುಣುಕು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅವರಿಗೆ ಮುಖ್ಯವಾಗಿ ಕಂಡಿತು. ಸುತ್ತಲೂ ನಿರೋಧಕದ ಗೋಡೆಯಿರುವ ಇಂಥ ತೇಲುವ ಗೇಟಿನ ಕಲ್ಪನೆಯನ್ನು ಬೆಲ್ ಲ್ಯಾಬ್ಸ್‌ನ ಡಾವನ್ ಕಾಂಗ್ ಮತ್ತು ಸೈಮನ್ ಝೀ 1967ರಲ್ಲೇ ಮುಂದಿಟ್ಟಿದ್ದರು. ಫ್ರೋಮನ್ನರ ಚಿಪ್ಪಿನಲ್ಲಿ 2048 ಬಿಟ್ ಹಿಡಿಯುತ್ತಿತ್ತು. ಮೇಲೊಂದು ಸ್ಫಟಿಕದ ಕಿಟಕಿ. ಅದರ ಮೂಲಕ ಅತಿನೇರಳೆ ಬೆಳಕು ಹಾಯಿಸಿದರೆ ಬರೆದದ್ದು ಅಳಿಯುತ್ತಿತ್ತು. ಬೆಳಕು ಬಿದ್ದು ಗೊತ್ತಿಲ್ಲದೆ ಅಳಿದೀತೆಂದು ಆ ಕಿಟಕಿಗೆ ಕಾಗದದ ಚೀಟಿ ಅಂಟಿಸುತ್ತಿದ್ದರು.

ಬೆಳಕಿನ ಕಾಟವಿಲ್ಲದೆ ವಿದ್ಯುತ್ತಿನಿಂದಲೇ, ಒಂದೊಂದು ಬಿಟ್ಟನ್ನಲ್ಲ, ಒಂದಿಡೀ ಪಾತಿಯನ್ನು ಒಮ್ಮೆಗೇ ಅಳಿಸುವ ದಾರಿ ಕಂಡವರು ತೋಶಿಬಾ ಕಂಪನಿಯ ಫುಜಿಯೊ ಮಸುವೊಕಾ. 1984ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅಳಿಸುವ ಆ ವೇಗ ಕ್ಯಾಮೆರಾದ ಮಿಂಚಿನಂತಿದೆ ಎಂದು ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ ‘ಫ್ಲ್ಯಾಶ್’ ಎಂಬ ಹೆಸರು ಸೂಚಿಸಿದರು. ಮುಂದೆ ಮಸುವೊಕಾ ತಮ್ಮ ಪಾಲು ಕೇಳಿ ತೋಶಿಬಾದ ಮೇಲೆ ಮೊಕದ್ದಮೆ ಹೂಡಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು.

ನಮ್ಮಲ್ಲಿ ಹಿಂದೆ ಕಡತ ಎಂದರೆ ಇದ್ದಿಲು, ಹುಣಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆಯ ಮಡಿಕೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಫ್ಲ್ಯಾಶ್ ಕೂಡ ಹಾಗೆಯೇ, ಆದರೆ ಒಂದು ವಿಚಿತ್ರವಿದೆ. ಒರೆಸಿದ ಫ್ಲ್ಯಾಶ್‌ನಲ್ಲಿ ಇರುವುದು ಸೊನ್ನೆಗಳಲ್ಲ, ಎಲ್ಲವೂ 1. ಬರೆಯುವುದೆಂದರೆ ಬೇಕಾದ ಕಡೆ 1 ಅನ್ನು 0 ಮಾಡುವುದು. ಒಂದೇ ಒಂದು 0 ಮತ್ತೆ 1 ಆಗಬೇಕಾದರೂ ಆ ಪಾತಿಯನ್ನೇ ಪೂರ್ತಿ ಒರೆಸಬೇಕು. ಒರೆಸಿದ್ದಾಗಿ, ಬರೆಯುವ ಮೊದಲೇ ಕರೆಂಟು ಹೋದರೆ? ಯಂತ್ರ ತನ್ನನ್ನೇ ಮರೆತಿರುತ್ತದೆ. ಶಾಸನದಂಥ ನೆನಪಿಗೆ ಈ ಭಯವಿರಲಿಲ್ಲ. ತಿದ್ದಿಕೊಳ್ಳುವ ಶಕ್ತಿಯ ಜೊತೆಗೇ ಬಂದ ಭಯ ಇದು.

ಸ್ಪಿರಿಟ್‌ಗೆ ಆದದ್ದು ಇದರದ್ದೇ ಇನ್ನೊಂದು ರೂಪ. ಅದರಲ್ಲಿ 256 ಮೆಗಾಬೈಟ್ ಫ್ಲ್ಯಾಶ್, 128 ಮೆಗಾಬೈಟ್ ರ‍್ಯಾಮ್ ಇತ್ತು. ಏಳು ತಿಂಗಳ ಪ್ರಯಾಣದಲ್ಲೂ ಇಳಿದ ಮೇಲೂ ಬರೆದ ಕಡತಗಳು ಫ್ಲ್ಯಾಶ್‌ನಲ್ಲಿ ಗುಡ್ಡೆಬಿದ್ದಿದ್ದವು. ರೋವರ್ ಎಚ್ಚರವಾದಾಗಲೆಲ್ಲ ಅವುಗಳ ಪಟ್ಟಿಯನ್ನು ರ‍್ಯಾಮ್‌ಗೆ ಎಳೆದುಕೊಳ್ಳುತ್ತಿತ್ತು. ಪಟ್ಟಿ ಬೆಳೆದು ಬೆಳೆದು, ಅದಕ್ಕೆಂದು ಇಟ್ಟಿದ್ದ ಜಾಗ ಸಾಲದೆ ಹೋಯಿತು. ಜಾಗ ಸಿಗದೆ ಪ್ರೋಗ್ರಾಂ ನಿಂತಿತು. ನಿಂತಿದ್ದಕ್ಕೆ ಕಂಪ್ಯೂಟರ್ ಮರುಚಾಲನೆಯಾಯಿತು. ಎದ್ದೊಡನೆ ಮತ್ತೆ ಅದೇ ಪಟ್ಟಿ ಓದಲು ಹೋಯಿತು. ಹೀಗೆ ಅರವತ್ತಕ್ಕೂ ಹೆಚ್ಚು ಬಾರಿ. ರಾತ್ರಿ ಮಲಗಬೇಕಾದ ರೋವರ್ ಮಲಗದೆ ಬ್ಯಾಟರಿ ಬರಿದಾಗತೊಡಗಿತು. ಹಳೆಯ ಕಡತಗಳನ್ನು ಅಳಿಸುವ ಪ್ರೋಗ್ರಾಂ ಕಳಿಸುವ ಕೆಲಸ ಆಗಲೇ ಶುರುವಾಗಿತ್ತು, ಅದು ಪೂರ್ತಿ ತಲುಪುವ ಮೊದಲೇ ಅನಾಹುತವಾಗಿತ್ತು.

ಸಂಕೇತ ಒಂದು ಕಡೆಗೆ ತಲುಪಲು ಸುಮಾರು ಹತ್ತು ನಿಮಿಷ. ಜನವರಿ 23ರಂದು ಸೆಕೆಂಡಿಗೆ 120 ಬಿಟ್ ವೇಗದಲ್ಲಿ ಒಂದಿಷ್ಟು ಮಾಹಿತಿ ಬಂತು. ಗ್ಲೆನ್ ರೀವ್ಸ್ ಅವರ ತಂತ್ರಾಂಶ ತಂಡ ಅಷ್ಟರಿಂದಲೇ ಫ್ಲ್ಯಾಶ್‌ನ ಮೇಲೆ ಅನುಮಾನಪಟ್ಟಿತು. ಅವರ ಬಳಿ ಒಂದು ಆಜ್ಞೆ ಮೊದಲೇ ಸಿದ್ಧವಿತ್ತು. ಅದರ ಹೆಸರು ‘ಇನಿಟ್ ಕ್ರಿಪಲ್ಡ್’, ಎಂದರೆ ಕುಂಟುತ್ತಲಾದರೂ ಏಳು ಎಂದು: ಫ್ಲ್ಯಾಶ್ ಮುಟ್ಟಬೇಡ, ರ‍್ಯಾಮ್‌ನಲ್ಲೇ ಸಂಸಾರ ಮಾಡು. ರೋವರ್ ಎದ್ದಿತು. ಪ್ರೋಗ್ರಾಂ ಇದ್ದದ್ದು ಫ್ಲ್ಯಾಶ್‌ನಿಂದ ಬೇರೆಯಾದ ಇನ್ನೊಂದು ಮೆಮೊರಿಯಲ್ಲಿ, ಹಾಗಾಗಿ ಇದು ಸಾಧ್ಯವಾಯಿತು. ಫೆಬ್ರುವರಿ ಮೊದಲ ವಾರದಲ್ಲಿ ಫ್ಲ್ಯಾಶ್ ಪೂರ್ತಿ ಒರೆಸಿ ಹೊಸದಾಗಿ ಅಣಿಗೊಳಿಸಿದರು. 90 ದಿನಕ್ಕೆಂದು ಕಳಿಸಿದ ರೋವರ್ 2010ರ ಮಾರ್ಚ್‌ವರೆಗೆ ಮಾತಾಡಿತು.

ಆ ಆಜ್ಞೆಯನ್ನು ಕಷ್ಟ ಬಂದ ಮೇಲೆ ಬರೆದದ್ದಲ್ಲ. ರೋವರ್ ಭೂಮಿ ಬಿಡುವ ಮೊದಲೇ ಯಾರೋ ‘ಇದರ ನೆನಪೇ ಕೈಕೊಟ್ಟರೆ?’ ಎಂದು ಕೇಳಿಕೊಂಡು ಬಾಗಿಲೊಂದನ್ನು ಇಟ್ಟಿದ್ದರು. ತಿದ್ದಬಹುದಾದ ಯಂತ್ರಕ್ಕೆ ತಿದ್ದಲಾಗದ ನಾಲ್ಕು ಸಾಲು ಬೇಕು ಎಂಬ ಈ ತಿಳಿವಳಿಕೆ ಈಗ ಅಗ್ಗದ ಬೋರ್ಡಿಗೂ ಇಳಿದು ಬಂದಿದೆ.

ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ 2014ರಲ್ಲಿ, ಇಎಸ್‌ಪಿ32 ಚಿಪ್ 2016ರಲ್ಲಿ ಜನರ ಕೈಗೆ ಬಂದವು. ನಾವು ಬರೆದ ಪ್ರೋಗ್ರಾಂ ಫ್ಲ್ಯಾಶ್‌ನಲ್ಲಿರುತ್ತದೆ. ಆದರೆ ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಅಚ್ಚೊತ್ತಿದ, ನಾವು ಅಳಿಸಲಾಗದ ಪುಟ್ಟ ಪ್ರೋಗ್ರಾಂ ಒಂದಿದೆ. ಇಎಸ್‌ಪಿ32 ಬೋರ್ಡಿನ ‘ಬೂಟ್’ ಗುಂಡಿ ಒತ್ತಿ ಹಿಡಿದು ಮರುಚಾಲನೆ ಮಾಡಿದರೆ, ಸೊನ್ನೆಯ ಪಿನ್ ಕೆಳಮಟ್ಟಕ್ಕೆ ಇಳಿದು ಆ ಪ್ರೋಗ್ರಾಂ ಫ್ಲ್ಯಾಶ್ ಕಡೆ ನೋಡದೆ ಹೊಸ ಪ್ರೋಗ್ರಾಮಿಗಾಗಿ ಕಾಯುತ್ತದೆ. ಕುಂಟುತ್ತಲಾದರೂ ಏಳು ಎಂಬ ಆಜ್ಞೆಯ ಬೆರಳಗಲದ ರೂಪ ಅದು. ಈ ಚರಿತ್ರೆ ತಿಳಿದಿದ್ದರೆ ದೋಷ ಸಂದೇಶಗಳೂ ಓದಲು ಬರುತ್ತವೆ. ಶುರುವಿನ ಅಂಕಿಯಲ್ಲಿ ಬರೀ ಎಫ್‌ಗಳು ಕಂಡರೆ ಎಲ್ಲವೂ 1 ಎಂದರ್ಥ: ಫ್ಲ್ಯಾಶ್ ಖಾಲಿಯಿದೆ, ಇಲ್ಲವೆ ಅದನ್ನು ಓದಲಾಗುತ್ತಿಲ್ಲ. ಸಂಪರ್ಕವೇ ಸಿಗದಿದ್ದರೆ ಗುಂಡಿಯನ್ನೂ, ಬರೀ ಚಾರ್ಜ್ ಮಾಡುವ ಕೇಬಲ್ಲೋ ಎಂಬುದನ್ನೂ ನೋಡಬೇಕು.

ಇನ್ನೊಂದು ಬಾಗಿಲು ಜೆಟ್ಯಾಗ್. 1985ರಲ್ಲಿ ಒಂದಾದ ಕಂಪನಿಗಳ ಗುಂಪು ರೂಪಿಸಿ, 1990ರಲ್ಲಿ ಜಾಗತಿಕ ಮಾನದಂಡವಾದ ವ್ಯವಸ್ಥೆ. ನಾಲ್ಕು ತಂತಿಯಿಂದ ಚಿಪ್ಪಿನ ಒಳಗನ್ನು ಇಣುಕಿ, ಓಡುವ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿ ನೋಡಬಹುದು. ಆದರೆ ಬಾಗಿಲುಗಳೂ ಒಂದಕ್ಕೊಂದು ಅಡ್ಡ ಬರುತ್ತವೆ. ಮೂಲ ಇಎಸ್‌ಪಿ32ರಲ್ಲಿ ಜೆಟ್ಯಾಗ್‌ಗೆ ಬೇಕಾದ 12ನೇ ಪಿನ್ನೇ, ಎಚ್ಚರವಾಗುವ ಕ್ಷಣದಲ್ಲಿ ಫ್ಲ್ಯಾಶ್‌ಗೆ ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುತ್ತದೆ. ಆಗ ಅದು ಮೇಲ್ಮಟ್ಟದಲ್ಲಿದ್ದರೆ 3.3 ವೋಲ್ಟ್ ಬೇಕಾದ ಫ್ಲ್ಯಾಶ್‌ಗೆ 1.8 ವೋಲ್ಟ್ ಸಿಕ್ಕಿ ಬೋರ್ಡ್ ಏಳುವುದೇ ಇಲ್ಲ. ದೋಷ ಹುಡುಕಲು ಜೋಡಿಸಿದ ತಂತಿಯೇ ದೋಷವಾಗಬಹುದು.

ಬಾಗಿಲಿದ್ದರೆ ಕಳ್ಳನೂ ಬರಬಹುದು. ಅದಕ್ಕೇ ಚಿಪ್ಪುಗಳಲ್ಲಿ ಸುಟ್ಟರೆ ಮತ್ತೆ ಸರಿಯಾಗದ ಫ್ಯೂಸುಗಳನ್ನು ಇಟ್ಟು, ತಯಾರಕರು ಈ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಬಲ್ಲರು. ಮನೆಯ ಬೀಗಕ್ಕೋ ನೀರಿನ ಮೀಟರಿಗೋ ಅದು ರಕ್ಷಣೆ. ಆದರೆ ತಯಾರಕರು ಕೈಬಿಟ್ಟ ದಿನ ಅದೇ ಯಂತ್ರ ರಿಪೇರಿಯಾಗದ ಕಸ. ದುಡ್ಡು ಕೊಟ್ಟವರ ಕೈಯಲ್ಲಿ ಯಾವ ಕೀಲಿಯೂ ಇರುವುದಿಲ್ಲ.

ಸ್ಪಿರಿಟ್‌ನ ಜೋಡಿ ಆಪರ್ಚುನಿಟಿಗೆ ಹತ್ತು ವರ್ಷದ ಮೇಲೆ ಫ್ಲ್ಯಾಶ್ ನಿಜವಾಗಿಯೇ ಸವೆಯತೊಡಗಿತು. 2014ರಲ್ಲಿ ಒಮ್ಮೆ ಒರೆಸಿ ನೋಡಿದರು, ಸಾಲಲಿಲ್ಲ. ಆಮೇಲೆ ಫ್ಲ್ಯಾಶ್ ಇಲ್ಲದೆಯೇ ಬದುಕಲು ಅದಕ್ಕೆ ಕಲಿಸಿದರು: ದಿನವಿಡೀ ಕಂಡದ್ದನ್ನು ಮಲಗುವ ಮೊದಲು ಭೂಮಿಗೆ ಹೇಳಿಬಿಡಬೇಕು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ಅದು 2018ರ ಜೂನ್‌ವರೆಗೆ ಕೆಲಸ ಮಾಡಿತು. ಕೊನೆಗೆ ಅದನ್ನು ನಿಲ್ಲಿಸಿದ್ದು ಧೂಳಿನ ಬಿರುಗಾಳಿ.