ದುಬ್ರೋವ್ನಿಕ್ ನಗರದ ಸಂತ ವ್ಲಾಹೋ ಉತ್ಸವ: ಐತಿಹ್ಯ ಮತ್ತು ಇತಿಹಾಸ

ಆಡ್ರಿಯಾಟಿಕ್ ಸಮುದ್ರದ ಪೂರ್ವ ಕರಾವಳಿಯಲ್ಲಿ, ಇಂದಿನ ಕ್ರೊಯೇಷಿಯಾ ದೇಶಕ್ಕೆ ಸೇರಿದ ದುಬ್ರೋವ್ನಿಕ್ ಎಂಬ ಕೋಟೆನಗರವಿದೆ. ಹಿಂದೆ ರಗುಸಾ ಎಂದು ಪ್ರಸಿದ್ಧವಾಗಿದ್ದ ಈ ಬಂದರು ಶತಮಾನಗಳ ಕಾಲ ಒಂದು ಪುಟ್ಟ ಗಣರಾಜ್ಯವಾಗಿತ್ತು. ಈ ನಗರದ ಪಾಲಕ ಸಂತ ವ್ಲಾಹೋ. ಇಂಗ್ಲಿಷಿನಲ್ಲಿ ಈತನ ಹೆಸರು ಬ್ಲೇಸ್. ಪ್ರತಿವರ್ಷ ಫೆಬ್ರವರಿ 3ರಂದು ನಡೆಯುವ ಈತನ ಉತ್ಸವವನ್ನು ಯುನೆಸ್ಕೋ 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಕೇವಲ ಧಾರ್ಮಿಕ ಆಚರಣೆಯೆಂದು ಪರಿಗಣಿಸಿದರೆ ಅರ್ಧ ಅರ್ಥ ಮಾತ್ರ ದಕ್ಕುತ್ತದೆ. ಅರಸನಿಲ್ಲದ ನಗರವೊಂದು ತನ್ನ ಸ್ವಾತಂತ್ರ್ಯವನ್ನು ಒಬ್ಬ ಸಂತನ ಹೆಸರಿನಲ್ಲಿ ನೆಲೆಗೊಳಿಸಿಕೊಂಡ ಚರಿತ್ರೆ ಈ ಉತ್ಸವದಲ್ಲಿ ಅಡಕವಾಗಿದೆ.

ವ್ಲಾಹೋ ಈ ಊರಿನವನಲ್ಲ. ಆರ್ಮೇನಿಯಾದ ಸೆಬಾಸ್ತೆಯಲ್ಲಿ, ಎಂದರೆ ಇಂದಿನ ತುರ್ಕಿಯ ಸಿವಾಸ್ ನಗರದಲ್ಲಿ, ಬಿಷಪ್ ಆಗಿದ್ದು 4ನೆಯ ಶತಮಾನದ ಆರಂಭದಲ್ಲಿ ಹುತಾತ್ಮನಾದವನು. ಉಣ್ಣೆ ಬಾಚುವ ಕಬ್ಬಿಣದ ಹಣಿಗೆಗಳಿಂದ ಈತನನ್ನು ಹಿಂಸಿಸಲಾಯಿತೆಂದೂ, ಗಂಟಲಲ್ಲಿ ಮೀನಿನ ಮುಳ್ಳು ಸಿಲುಕಿದ್ದ ಬಾಲಕನನ್ನು ಈತ ಬದುಕಿಸಿದನೆಂದೂ ಕಥೆಗಳಿವೆ. ಉತ್ಸವದಲ್ಲಿ ಪಾದ್ರಿಗಳು ಎರಡು ಮೇಣದಬತ್ತಿಗಳನ್ನು ಅಡ್ಡಡ್ಡಲಾಗಿ ಭಕ್ತರ ಕೊರಳಿಗೆ ತಾಗಿಸಿ ಹರಸುವುದರ ಮೂಲ ಈ ಎರಡನೆಯ ಕಥೆಯಲ್ಲಿದೆ.

ನಗರಕ್ಕೂ ಸಂತನಿಗೂ ಸಂಬಂಧ ಕಲ್ಪಿಸುವ ಐತಿಹ್ಯ ಬೇರೆಯದೇ. 10ನೆಯ ಶತಮಾನದಲ್ಲಿ ವೆನಿಸ್ ನಗರದ ಹಡಗುಗಳು ಆಹಾರ ಮತ್ತು ನೀರು ತುಂಬಿಕೊಳ್ಳುವ ನೆಪದಲ್ಲಿ ಗ್ರೂಜ್ ಬಂದರಿನಲ್ಲಿಯೂ ಲೋಕ್ರುಮ್ ದ್ವೀಪದ ಬಳಿಯೂ ಲಂಗರು ಹಾಕಿದವು. ರಾತ್ರಿ ಸ್ತೋಯ್ಕೋ ಎಂಬ ಪಾದ್ರಿಗೆ ಸಂತ ಸ್ತೆಫಾನನ ಚರ್ಚಿನಲ್ಲಿ ನರೆತ ಗಡ್ಡದ ಮುದುಕನೊಬ್ಬ ಕಾಣಿಸಿಕೊಂಡ. ತಾನು ವ್ಲಾಹೋ ಎಂದೂ, ಶತ್ರುಗಳನ್ನು ಸ್ವರ್ಗದ ಸೇನೆಯೊಡನೆ ಕೋಟೆಯ ಮೇಲೆ ತಡೆಯುತ್ತಿರುವೆನೆಂದೂ ತಿಳಿಸಿ, ನಗರದ ಹಿರಿಯರನ್ನು ಎಚ್ಚರಿಸುವಂತೆ ಹೇಳಿದ. ನಗರ ಸಜ್ಜಾಯಿತು; ಹಡಗುಗಳು ಹಿಂದಿರುಗಿದವು. ಉತ್ಸವದ ಆರಂಭವನ್ನು ಪರಂಪರೆಯು 972ಕ್ಕೆ ಒಯ್ಯುತ್ತದೆ.

ಸ್ಥಳಪುರಾಣಗಳನ್ನು ಬಲ್ಲ ಕನ್ನಡದ ಓದುಗರಿಗೆ ಈ ಕಥೆಯ ಜಾಡು ಅಪರಿಚಿತವಲ್ಲ. ಇಲ್ಲಿ ಮುಖ್ಯವಾಗುವುದು ಘಟನೆಯ ಸತ್ಯಾಸತ್ಯತೆಗಿಂತ ಕಥೆಯ ಅಗತ್ಯ. ನಗರಕ್ಕೆ ಮೊದಲು ಸೆರ್ಗಿಯಸ್ ಮತ್ತು ಬಾಕಸ್ ಎಂಬ ಬೇರೆ ಪಾಲಕ ಸಂತರಿದ್ದರು. ಊರ ಹಿಂದಿನ ಬೆಟ್ಟ ಇಂದಿಗೂ ಸೆರ್ಗಿಯಸನ ಹೆಸರಿನಿಂದ ಸ್ರ್ಜ್ ಎನಿಸಿಕೊಂಡಿದೆ. ಅವರ ಸ್ಥಾನಕ್ಕೆ ವ್ಲಾಹೋ ಬಂದ. 1205ರಿಂದ 1358ರವರೆಗೆ ನಗರ ವೆನಿಸ್‌ನ ಮೇಲಧಿಕಾರಕ್ಕೆ ಒಳಪಟ್ಟಿತ್ತು. ವೆನಿಸ್‌ಗೆ ಸಂತ ಮಾರ್ಕನಿದ್ದಂತೆ ತನಗೂ ಒಬ್ಬ ಕ್ಷೇತ್ರಪಾಲನಿದ್ದಾನೆ, ಅವನೇ ವೆನಿಸ್‌ನ ಸಂಚನ್ನು ಬಯಲು ಮಾಡಿದವನು ಎಂಬ ಕಥೆ ಅಂತಹ ನಗರಕ್ಕೆ ಆತ್ಮಗೌರವದ ಆಧಾರವಾಯಿತು. ಕೋಟೆಯ ಬಾಗಿಲುಗಳ ಮೇಲಿನ ಗೂಡುಗಳಲ್ಲಿ ಸಂತನ ವಿಗ್ರಹಗಳು ನಿಂತುದು ಈ ಅರ್ಥದಲ್ಲಿಯೇ.

ಉತ್ಸವಕ್ಕೆ ಕಾನೂನಿನ ಬಲವೂ ಇತ್ತು. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಸಾಲಗಾರರು, ಗಡೀಪಾರಾದವರು, ಅಪರಾಧಿಗಳು ಕೂಡ ಬಂಧನದ ಭಯವಿಲ್ಲದೆ ನಗರವನ್ನು ಪ್ರವೇಶಿಸಬಹುದಾಗಿತ್ತು. ‘ಸಂತ ವ್ಲಾಹೋವಿನ ಸ್ವಾತಂತ್ರ್ಯ’ ಎಂಬುದು ಈ ಅಭಯದ ಹೆಸರು. ಉಳಿದ ದಿನಗಳಲ್ಲಿ ದಂಡಿಸುವ ಪ್ರಭುತ್ವವು ಈ ದಿನಗಳಲ್ಲಿ ತನ್ನ ಅಧಿಕಾರವನ್ನು ಸಂತನಿಗೊಪ್ಪಿಸಿ ಹಿಂದೆ ಸರಿಯುತ್ತಿತ್ತು. ಊರು ಬಿಡಿಸಿಕೊಂಡವನಿಗೆ ಊರಿನ ಹಬ್ಬ ಮಾತ್ರ ತಪ್ಪುತ್ತಿರಲಿಲ್ಲ.

1667ರ ಏಪ್ರಿಲ್ 6ರ ಭೂಕಂಪ ನಗರವನ್ನು ನೆಲಸಮ ಮಾಡಿತು. 1706ರಲ್ಲಿ ಸಂತನ ಹಳೆಯ ಚರ್ಚು ಬೆಂಕಿಗೆ ಆಹುತಿಯಾಯಿತು; 15ನೆಯ ಶತಮಾನದ ಬೆಳ್ಳಿಯ ವಿಗ್ರಹ ಮಾತ್ರ ಉಳಿಯಿತು. ಆ ವಿಗ್ರಹದ ಕೈಯಲ್ಲಿ ನಗರದ ಒಂದು ಮಾದರಿಯಿದೆ. ಭೂಕಂಪಕ್ಕೆ ಮುನ್ನ ನಗರ ಹೇಗಿತ್ತೆಂಬುದಕ್ಕೆ ಅದು ಇಂದು ಚಾರಿತ್ರಿಕ ಸಾಕ್ಷಿ. ಕುತೂಹಲದ ಸಂಗತಿಯೆಂದರೆ, 1715ರಲ್ಲಿ ಪೂರ್ಣಗೊಂಡ ಹೊಸ ಚರ್ಚನ್ನು ರೂಪಿಸಿದ ಮರೀನೊ ಗ್ರೊಪ್ಪೆಲ್ಲಿ ವೆನಿಸ್‌ನ ಶಿಲ್ಪಿ. ಐತಿಹ್ಯದ ಶತ್ರುವಿನ ಊರಿನಿಂದಲೇ ಪಾಲಕನ ಮನೆ ಕಟ್ಟುವವನು ಬಂದ.

1806ರಲ್ಲಿ ಫ್ರೆಂಚ್ ಸೇನೆ ನಗರವನ್ನು ಹೊಕ್ಕಿತು. 1808ರ ಜನವರಿ 31ರಂದು ನೆಪೋಲಿಯನ್ನನ ಸೇನಾನಿ ಮಾರ್ಮೊನ್ ಗಣರಾಜ್ಯವನ್ನೇ ರದ್ದುಗೊಳಿಸಿದ. ಸಂತನ ದಿನಕ್ಕೆ ಆಗ ಉಳಿದಿದ್ದುದು ಮೂರೇ ದಿನ. ಆಮೇಲೆ ಫ್ರೆಂಚರು ಹೋದರು, ಆಸ್ಟ್ರಿಯನ್ನರು ಬಂದರು, ಯುಗೊಸ್ಲಾವಿಯ ಹುಟ್ಟಿ ಅಳಿಯಿತು. 1991ರಲ್ಲಿ ನಗರದ ಮೇಲೆ ಶೆಲ್ಲುಗಳು ಬಿದ್ದವು. ಇಂದಿಗೂ ಫೆಬ್ರವರಿ 2ರಂದು ಚರ್ಚಿನ ಮುಂದೆ ಬಿಳಿ ಪಾರಿವಾಳಗಳನ್ನು ಹಾರಿಬಿಡುತ್ತಾರೆ, 1418ರ ಒರ್ಲಾಂದೊ ಕಂಬದ ಮೇಲೆ ಸಂತನ ಧ್ವಜ ಏರುತ್ತದೆ. ಮರುದಿನ ಸುತ್ತಲ ಹಳ್ಳಿಗಳವರು ತಮ್ಮ ಚರ್ಚುಗಳ ಧ್ವಜ ಹಿಡಿದು ಬರುತ್ತಾರೆ. ಸಂತನ ಅವಶೇಷಗಳ ಮೆರವಣಿಗೆ ಹೊರಡುತ್ತದೆ. ಉತ್ಸವದ ಹೊಣೆ ಹೊರುವ ಇಬ್ಬರು ‘ಫೆಸ್ತಾನ್ಯುಲಿ’ಗಳಲ್ಲಿ ಒಬ್ಬನನ್ನು ನಾವಿಕರಿಂದಲೂ ಇನ್ನೊಬ್ಬನನ್ನು ಕುಶಲಕರ್ಮಿಗಳಿಂದಲೂ ಆರಿಸುವುದು ವಾಡಿಕೆ. ಗಣರಾಜ್ಯದ ಅಧಿಕಾರ ಶ್ರೀಮಂತ ಮನೆತನಗಳ ಕೈಯಲ್ಲಿತ್ತು, ಅದು ಅಳಿಯಿತು. ಅದರ ನೆನಪನ್ನು ಇಂದು ಹೊತ್ತು ನಡೆಯುತ್ತಿರುವವರು ಆ ಅಧಿಕಾರದಲ್ಲಿ ಪಾಲಿಲ್ಲದಿದ್ದ ಜನ.