ಹಾಡಿದ ಡಬ್ಬಿ ಮತ್ತು ಅದರ ಸುತ್ತ ಕೂತವರು

ನಮ್ಮ ಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದ ತಕ್ಷಣ ರೇಡಿಯೋ 'ಗರ್ರ್' ಅಂತಿತ್ತು. ಭದ್ರಾವತಿ ಆಕಾಶವಾಣಿಯಲ್ಲಿ ಚಿತ್ರಗೀತೆ ಬರೋ ಹೊತ್ತಿಗೇ ಚಟ್ನಿ ರುಬ್ಬೋ ಹೊತ್ತೂ ಬರಬೇಕೇ! "ಅಮ್ಮಾ, ಒಂದ್ನಿಮಿಷ ನಿಲ್ಸೇ" ಅಂತ ನಾನು, "ನಿಮ್ಮಪ್ಪಂಗೆ ಹೊತ್ತಾಯ್ತು ಕಣೋ, ಸುಮ್ನಿರು" ಅಂತ ಅವಳು. ಆ ಗರ್ರ್ ಸದ್ದನ್ನೇ ಸಂಗೀತ ಅಂತ ದುಡ್ಡು ಕೊಟ್ಟು ಕೇಳಿದ ಜನ ಇದ್ದರು ಅಂತ ಆಗ ಯಾರಾದರೂ ಹೇಳಿದ್ದರೆ ಇಬ್ಬರೂ ನಕ್ಕುಬಿಡ್ತಿದ್ವಿ.

ಬೀದಿಯ ತುದಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಹೈಸ್ಕೂಲು ದಿನಗಳಲ್ಲಿ ನನ್ನ ಸಂಜೆಗಳೆಲ್ಲ ಅಲ್ಲೇ. ಅಂಗಡಿಯ ಮಾಮ ಕೂರಲು ಸ್ಟೂಲು ಕೊಡೋರು, ಟೀ ಕುಡಿಸೋರು, ಆದರೆ ಬೆಸುಗೆ ಹಾಕುವಾಗ ಮಾತ್ರ ಬೆನ್ನು ತಿರುಗಿಸಿಬಿಡೋರು. ಸರ್ಕ್ಯೂಟು ಬರೆದಿಟ್ಟ ನೋಟ್ ಬುಕ್ಕು ಸದಾ ಬೀಗ ಹಾಕಿದ ಡ್ರಾಯರಿನಲ್ಲಿ. "ನಿಂಗೆ ಹೇಳ್ಕೊಟ್ರೆ ನಾಳೆ ಎದುರುಗಡೆನೇ ಅಂಗ್ಡಿ ಹಾಕ್ತೀಯ" ಅಂತ ನಗೋರು. ತಮಾಷೆ ಅನ್ಕೊಂಡಿದ್ದೆ. ಅವರು ತಮಾಷೆ ಮಾಡ್ತಿರಲಿಲ್ಲ.

ಇದೆಲ್ಲ ಈಗ ನೆನಪಾಗಿದ್ದು 1975ರ ಒಂದು ಕತೆ ಓದುವಾಗ. ಆ ವರ್ಷ ಮಾರ್ಚ್ 5ರ ಮಳೆಯ ಸಂಜೆ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಅನ್ನೋರ ಮನೆಯ ಕಾರ್ ಗ್ಯಾರೇಜಿಗೆ 32 ಜನ ಬಂದರು. ಕರೆದವರು ಫ್ರೆಂಚ್ ಮತ್ತು ಫ್ರೆಡ್ ಮೂರ್. ಎಲ್ಲರಿಗೂ ಒಂದೇ ಹುಚ್ಚು: ಮನೆಯಲ್ಲೇ ಕಂಪ್ಯೂಟರ್ ಕಟ್ಟಬೇಕು. ಆ ಜನವರಿಯಲ್ಲಷ್ಟೇ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಬಂದಿತ್ತು. ಬಿಡಿಭಾಗಗಳ ಕಿಟ್ಟಿಗೆ 397 ಡಾಲರ್. ಪರದೆ ಇಲ್ಲ, ಕೀಲಿಮಣೆ ಇಲ್ಲ. ಮುಂದೆ ಸಾಲಾಗಿ ಸ್ವಿಚ್ಚುಗಳು, ಮಿಣಮಿಣ ದೀಪಗಳು. ನೆನಪಿನ ಶಕ್ತಿ 256 ಬೈಟು, ಅಂದ್ರೆ ಈ ಒಂದು ಪ್ಯಾರಾ ಕೂಡ ಅದರಲ್ಲಿ ಹಿಡಿಸೋದಿಲ್ಲ. ಈ ಗುಂಪಿಗೆ ಆಮೇಲೆ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಅಂತ ಹೆಸರಾಯ್ತು. ಮನೆಯಲ್ಲೇ ಭಟ್ಟಿ ಇಳಿಸೋರ ಸಂಘ ಅನ್ನಬಹುದು :)

ಏಪ್ರಿಲ್ ತಿಂಗಳ ಸಭೆ ಒಂದು ಶಾಲೆಯಲ್ಲಿ ನಡೆಯಿತು. ಸ್ಟೀವ್ ಡಾಂಪಿಯರ್ ತನ್ನ ಆಲ್ಟೇರನ್ನು ಹೊತ್ತು ತಂದ. ನೆಲದ ಮೇಲೆ ಕೂತು ಒಂದೊಂದೇ ಸ್ವಿಚ್ಚು ಮೇಲೆ ಕೆಳಗೆ ಮಾಡ್ತಾ ಪ್ರೋಗ್ರಾಮು ತುಂಬಿಸಿದ. ಎಲ್ಲ ಮುಗೀತು ಅನ್ನುವಾಗ ಯಾರದೋ ಕಾಲಿಗೆ ವೈರು ಸಿಕ್ಕಿ ಕರೆಂಟು ಹೋಯ್ತು, ತುಂಬಿಸಿದ್ದೆಲ್ಲ ಅಳಿಸಿಹೋಯ್ತು. ಮತ್ತೆ ಮೊದಲಿಂದ. ಕೊನೆಗೆ ಪಕ್ಕದಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ ಇಟ್ಟು ಯಂತ್ರವನ್ನು ಓಡಿಸಿದ. ರೇಡಿಯೋದಿಂದ ಬೀಟಲ್ಸ್ ತಂಡದ 'ಫೂಲ್ ಆನ್ ದ ಹಿಲ್' ಹಾಡಿನ ರಾಗ ಬಂತು!

ಆಲ್ಟೇರಿಗೂ ರೇಡಿಯೋಗೂ ನಡುವೆ ಒಂದು ವೈರೂ ಇರಲಿಲ್ಲ. ನಮ್ಮ ಮಿಕ್ಸಿಯ ಕತೆಯೇ ಇದು ಕೂಡ. ವಿದ್ಯುತ್ತು ಬೇಗಬೇಗ ಹರಿದು ನಿಂತು ಮಾಡಿದಾಗ ಅಲೆಗಳು ಹೊಮ್ಮುತ್ತವೆ, ಹತ್ತಿರದ ಮೀಡಿಯಂ ವೇವ್ ರೇಡಿಯೋ ಅದನ್ನು ಹಿಡಿದುಬಿಡುತ್ತೆ. ಕಂಪ್ಯೂಟರು ಒಂದು ಸಣ್ಣ ಲೆಕ್ಕವನ್ನು ಸುತ್ತಿ ಸುತ್ತಿ ಮಾಡ್ತಿದ್ದರೆ ಆ ಸುತ್ತು ಎಷ್ಟು ಚಿಕ್ಕದೋ ಸ್ವರ ಅಷ್ಟು ಮೇಲೆ. ಡಾಂಪಿಯರ್ ಯಾವ ಸುತ್ತಿಗೆ ಯಾವ ಸ್ವರ ಅಂತ ಕೂತು ಹುಡುಕಿದ್ದ, ಅಷ್ಟೇ. ಅಮ್ಮನ ಮಿಕ್ಸಿಗೂ ಒಂದಷ್ಟು ಸ್ಪೀಡುಗಳಿದ್ದಿದ್ದರೆ...

ಹಾಡು ಮುಗಿದ ಮೇಲೆ ಡಬ್ಬಿ ತಾನಾಗೇ ಇನ್ನೊಂದು ರಾಗ ಶುರು ಮಾಡಿತು, 'ಡೈಸಿ'. ಅದು ಸುಮ್ಮನೆ ಆರಿಸಿದ್ದಲ್ಲ. 1961ರಲ್ಲಿ ಬೆಲ್ ಲ್ಯಾಬ್ಸಿನ ದೊಡ್ಡ ಐಬಿಎಂ ಕಂಪ್ಯೂಟರಿಗೆ ಅಲ್ಲಿನವರು ಹಾಡಲು ಕಲಿಸಿದ್ದು ಇದೇ ಹಾಡನ್ನು. ಕೋಣೆ ತುಂಬುವ ಯಂತ್ರ ಹಾಡಿದ್ದನ್ನು ಹದಿನಾಲ್ಕು ವರ್ಷದಲ್ಲಿ ಮನೆಯಲ್ಲಿ ಜೋಡಿಸಿದ ಡಬ್ಬಿ ನುಡಿಸಿತು. ಸೇರಿದ್ದವರಿಗೆಲ್ಲ ಅದರ ಅರ್ಥ ಗೊತ್ತಿತ್ತು.

ಬೆಲ್ ಲ್ಯಾಬ್ಸ್ ಅಂದೆನಲ್ಲ, ಸ್ವಲ್ಪ ಹಿಂದಕ್ಕೆ ಹೋಗೋಣ. ಅಲ್ಲಿ ಬಿಲ್ಲಿ ಕ್ಲೂವರ್ ಅನ್ನೋ ಸ್ವೀಡನ್ ಮೂಲದ ಎಂಜಿನಿಯರ್ ಇದ್ದ. ಅವನಿಗೆ ಕಲಾವಿದರ ಸಹವಾಸ. 1966ರ ಅಕ್ಟೋಬರಿನಲ್ಲಿ ಅವನೂ ಚಿತ್ರಕಾರ ರಾಬರ್ಟ್ ರಾಶೆನ್‌ಬರ್ಗನೂ ಸೇರಿ ನ್ಯೂಯಾರ್ಕಿನ ಒಂದು ಹಳೇ ಸೇನಾ ಕಟ್ಟಡದಲ್ಲಿ 'ನೈನ್ ಈವ್ನಿಂಗ್ಸ್' ಅಂತ ಒಂಬತ್ತು ಸಂಜೆಗಳ ಪ್ರದರ್ಶನ ನಡೆಸಿದರು. ಹತ್ತು ಜನ ಕಲಾವಿದರು, ಮೂವತ್ತರಷ್ಟು ಎಂಜಿನಿಯರುಗಳು. ರಾಶೆನ್‌ಬರ್ಗ್ ಟೆನಿಸ್ ಆಡಿಸಿದ. ರ‍್ಯಾಕೆಟ್ಟಿನ ಹಿಡಿಯೊಳಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್, ಪ್ರತಿ ಹೊಡೆತಕ್ಕೂ ಢಣ್ ಅಂತ ಸದ್ದು, ಜೊತೆಗೆ ಸಭಾಂಗಣದ ಒಂದು ದೀಪ ಆರೋದು. ಹೀಗೆ ಆಡ್ತಾ ಆಡ್ತಾ ಪೂರ್ತಿ ಕತ್ತಲೆ. ಜಾನ್ ಕೇಜ್ ಟೆಲಿಫೋನ್ ಲೈನುಗಳಲ್ಲಿ ಹೋಟೆಲು, ಪಕ್ಷಿಶಾಲೆ, ವಿದ್ಯುತ್ ಸ್ಥಾವರಗಳ ಸದ್ದು ತರಿಸಿದ. ಅದರ ಜೊತೆಗೆ ಅಡುಗೆಮನೆಯ ಮಿಕ್ಸಿ! ನಾನು ನಿಲ್ಲಿಸು ಅಂತ ಗೋಗರೆದ ಸದ್ದನ್ನು ಅಲ್ಲಿ ಟಿಕೆಟ್ಟು ಕೊಂಡು ಕೇಳಿದರು.

ಅದಾದ ಮೇಲೆ ಕ್ಲೂವರ್, ರಾಶೆನ್‌ಬರ್ಗ್, ಫ್ರೆಡ್ ವಾಲ್ಡ್‌ಹಾವರ್, ರಾಬರ್ಟ್ ವಿಟ್‌ಮನ್ ಸೇರಿ ಇ.ಎ.ಟಿ. ಅನ್ನೋ ಸಂಸ್ಥೆ ಕಟ್ಟಿದರು. ಅದೊಂಥರಾ ವಧೂವರರ ಕೇಂದ್ರ. ಕಲಾವಿದ ತನಗೆ ಬೇಕಾದ್ದು ಹೇಳಬೇಕು, ಅವರು ತಕ್ಕ ಎಂಜಿನಿಯರನ್ನು ಹುಡುಕಿ ಕೊಡೋರು.

ಈ ಅಲೆ ನಮ್ಮ ದೇಶಕ್ಕೂ ಬಂತು. ಅಹಮದಾಬಾದಿನ ಗೀತಾ ಸಾರಾಭಾಯಿ 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಕೇಜನಿಗೆ ಭಾರತೀಯ ಸಂಗೀತ ಹೇಳಿಕೊಟ್ಟಿದ್ದರು, ಅವನಿಂದ ಪಾಶ್ಚಾತ್ಯ ಸಂಗೀತ ಕಲಿತಿದ್ದರು. ನೈನ್ ಈವ್ನಿಂಗ್ಸ್‌ನ ಹತ್ತು ಜನರಲ್ಲಿ ಒಬ್ಬನಾದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರಿನ ಸ್ಟುಡಿಯೋ ಹಾಕಿಕೊಟ್ಟ. ಗೀತಾ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಇವರೆಲ್ಲ ಅಲ್ಲಿ ಟೇಪಿನ ಮೇಲೆ ಸದ್ದುಗಳನ್ನು ಕಟ್ಟಿದರು. ಆಮೇಲೆ? ಟೇಪುಗಳು ದಶಕಗಳ ಕಾಲ ಸಂಸ್ಥೆಯ ಭಂಡಾರದಲ್ಲೇ ಕೂತಿದ್ದವು. ಪಾಲ್ ಪರ್ಗಾಸ್ ಅನ್ನೋ ಬ್ರಿಟಿಷ್ ಕಲಾವಿದ ಬಂದು ಅವನ್ನು ಹೊರತೆಗೆದು 2023ರಲ್ಲಿ ಆಲ್ಬಮ್ಮಾಗಿ ಬಿಡುಗಡೆಯಾದ ಮೇಲೇ ನಮ್ಮಂಥವರ ಕಿವಿಗೆ ಬಿದ್ದಿದ್ದು. ನನಗೆ ಇದರಲ್ಲಿ ಹೆಮ್ಮೆಗಿಂತ ಸಂಕಟವೇ ಜಾಸ್ತಿ. ಸಂಸ್ಥೆಯ ಒಳಗಿತ್ತು, ಉಳೀತು ನಿಜ. ಆದರೆ ಬೀದಿಗೆ ಇಳಿಯಲಿಲ್ಲ.

ಹೋಂಬ್ರೂ ಸಭೆಗಳಲ್ಲಿ ಎಲ್ಲ ಬೀದಿಯಲ್ಲೇ. ಸ್ಟ್ಯಾನ್‌ಫರ್ಡಿನ ಭೌತವಿಜ್ಞಾನ ಪ್ರಯೋಗಾಲಯದ ಸಭಾಂಗಣಕ್ಕೆ ಹೋದ ಮೇಲೂ ಲೀ ಫೆಲ್ಸನ್‌ಸ್ಟೈನ್ ಮುಂದೆ ನಿಂತು ಯಾರಿಗೇನು ಬೇಕು, ಯಾರ ಹತ್ತಿರ ಏನಿದೆ ಅಂತ ಒಬ್ಬೊಬ್ಬರಿಂದ ಹೇಳಿಸೋರು. ಅದಾದ ಮೇಲೆ ಸಂತೆ, ಯಾರು ಯಾರನ್ನು ಬೇಕಾದರೂ ಹುಡುಕಿಕೊಂಡು ಹೋಗೋದು. ಸ್ಟೀವ್ ವೋಜ್ನಿಯಾಕ್ ತನ್ನ ಕಂಪ್ಯೂಟರಿನ ಸರ್ಕ್ಯೂಟು ನಕ್ಷೆಯನ್ನು ಅಲ್ಲಿ ಸುಮ್ಮನೆ ಹಂಚಿದ. ಅದೇ ಆಮೇಲೆ ಆಪಲ್ 1 ಆಯ್ತು.

ಇಲ್ಲೇ ಒಂದು ಜಗಳವೂ ಹುಟ್ಟಿತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಆಲ್ಟೇರಿಗೆ ಬೇಸಿಕ್ ಭಾಷೆ ಬರೆದಿದ್ದರು. ಅದನ್ನು ಹೊತ್ತ ಕಾಗದದ ಟೇಪೊಂದು 1975ರಲ್ಲಿ ಒಂದು ಪ್ರದರ್ಶನದಿಂದ ಈ ಗುಂಪಿನವರ ಕೈ ಸೇರಿತು. ಡಾನ್ ಸೋಕೋಲ್ ಅದರ ಹತ್ತಾರು ಪ್ರತಿ ಮಾಡಿ ಸಭೆಗೆ ತಂದ. ನಿಯಮ ಒಂದೇ: ಒಂದು ಪ್ರತಿ ಒಯ್ದರೆ ಮುಂದಿನ ಸಲ ಎರಡು ತರಬೇಕು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಸಿಟ್ಟಿನಿಂದ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ನಿಮ್ಮಲ್ಲಿ ಹೆಚ್ಚಿನವರು ಕದಿಯುತ್ತಿದ್ದೀರಿ, ದುಡ್ಡು ಕೊಟ್ಟವರು ನೂರಕ್ಕೆ ಹತ್ತೂ ಇಲ್ಲ, ಲೆಕ್ಕ ಹಾಕಿದರೆ ನಮಗೆ ಗಂಟೆಗೆ 2 ಡಾಲರೂ ಗಿಟ್ಟಲಿಲ್ಲ ಅಂತ.

ಆ ಪತ್ರ ಓದುವಾಗ ನನಗೆ ಗೇಟ್ಸ್ ಕಾಣಲಿಲ್ಲ. ರಿಪೇರಿ ಅಂಗಡಿಯ ಮಾಮ ಕಂಡರು. "ಎದುರುಗಡೆನೇ ಅಂಗ್ಡಿ ಹಾಕ್ತೀಯ." ಎರಡು ಮಕ್ಕಳು, ಬಾಡಿಗೆ ಮನೆ, ಇದ್ದ ಬಂಡವಾಳ ಅಂದ್ರೆ ಆ ನೋಟ್ ಬುಕ್ಕು ಒಂದೇ. ಟೇಪು ಹಂಚಿದವರ ಪರ ನಾನು ಇಷ್ಟು ದಿನ ಜೋರಾಗಿ ವಾದ ಮಾಡಿದ್ದೇನೆ. ಆದರೆ ಅವರಲ್ಲಿ ಎಷ್ಟೋ ಜನಕ್ಕೆ ಬೇರೆ ಕಡೆ ಸಂಬಳದ ಕೆಲಸವಿತ್ತು, ಹಂಚೋದು ಅವರಿಗೆ ಸುಲಭ ಅನ್ನೋದನ್ನು ಯೋಚಿಸಿರಲಿಲ್ಲ.

ಹೋಂಬ್ರೂ 1986ರ ಡಿಸೆಂಬರಿನಲ್ಲಿ ಕೊನೆಯ ಸಲ ಸೇರಿತು. ಮಾರುವ ವಿಷಯ ಬಂದಮೇಲೆ ಗುಟ್ಟುಗಳೂ ಬಂದಿದ್ದವು. ಮತ್ತೆ 2000ದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಗೀತ ಕೇಂದ್ರದ ಡಗ್ಲಸ್ ರೆಪೆಟ್ಟೊ 'ಡಾರ್ಕ್‌ಬಾಟ್' ಅಂತ ತಿಂಗಳ ಕೂಟ ಶುರುಮಾಡಿದ. ಕರೆಂಟಿನ ಜೊತೆ ವಿಚಿತ್ರ ಕೆಲಸ ಮಾಡೋ ಜನ ಅಂತ ಅವರ ಬಗ್ಗೆ ಅವರದೇ ವಿವರಣೆ. ಕಲಾವಿದರು, ಎಂಜಿನಿಯರುಗಳು, ಸುಮ್ಮನೆ ಬೆಸುಗೆ ಹಾಕೋರು ಎಲ್ಲ ಬಂದು ತಾವು ಮಾಡಿದ್ದನ್ನು ತೋರಿಸೋರು, ಕೆಲವು ಸಲ ಅದು ಕೆಲಸ ಮಾಡ್ತಿರಲಿಲ್ಲ, ಜನ ಚಪ್ಪಾಳೆ ತಟ್ಟೋರು. ಲಂಡನ್, ಸ್ಯಾನ್ ಫ್ರಾನ್ಸಿಸ್ಕೋ ಅಂತ ಹತ್ತಾರು ಊರುಗಳಿಗೆ ಇದು ಹರಡಿತು. 'ವಿಚಿತ್ರ' ಅನ್ನೋ ಪದ ನನಗೆ ಹಿಡಿಸಿತು. ಉಪಯೋಗಕ್ಕೆ ಬಾರದ್ದನ್ನು ಕದಿಯೋ ಭಯ ಯಾರಿಗೆ?

ಮಾಮ ತೀರಿಕೊಂಡು ಹದಿನೈದು ವರ್ಷ ಆಯ್ತು. ಊರಿಗೆ ಹೋದಾಗ ಅವರ ಮಗನನ್ನು ನೋಟ್ ಬುಕ್ಕಿನ ಬಗ್ಗೆ ಕೇಳಿದೆ. "ಅಯ್ಯೋ ಅಣ್ಣಾ, ಡ್ರಾಯರ್ ಸಮೇತ ಗುಜರಿಗೆ ಹೋಯ್ತಲ್ಲ" ಅಂದ.

ಹೋದ ಭಾನುವಾರ ಎಸ್.ಪಿ. ರೋಡಿನಲ್ಲಿ ಒಂದು ಹಳೇ ಮೀಡಿಯಂ ವೇವ್ ರೇಡಿಯೋ ಕೊಂಡೆ. ರಾತ್ರಿ ಅದನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಮುಳ್ಳು ತಿರುಗಿಸಿದೆ. ಒಂದು ಕಡೆ ಸಣ್ಣಗೆ ಗುಂಯ್ ಅಂತು, ಮೌಸು ಅಲ್ಲಾಡಿಸಿದರೆ ದನಿ ಬದಲಾಗ್ತಿತ್ತು. ಅಮ್ಮನನ್ನು ಕರೆದು ಕೇಳಿಸಿದೆ. "ಇದಕ್ಕೂ ದುಡ್ಡು ಕೊಟ್ಯಾ?" ಅಂದಳು. ನಿಮ್ಮ ಮನೆಯಲ್ಲಿ ಹಳೇ ರೇಡಿಯೋ ಇದ್ದರೆ ಒಮ್ಮೆ ಮಾಡಿ ನೋಡಿ, ಏನು ಕೇಳಿಸ್ತು ಅಂತ ಬರೀರಿ. ಡಾಂಪಿಯರನ ಹಾಗೆ ಸ್ವರ ಹುಡುಕೋದು ಯಾರಿಗಾದರೂ ಬಂದರೆ ನಂಗೂ ಹೇಳ್ಕೊಡಿ.