ಮಾಡರ್ನ್ ಬ್ರೆಡ್: ಸರ್ಕಾರಿ ಬೇಕರಿಯಿಂದ ಖಾಸಗಿ ಒಡೆತನಕ್ಕೆ

ಸಮಾಜವಾದಿ ಆರ್ಥಿಕ ನೀತಿಯ ಕಾಲದಲ್ಲಿ, 1965ರಲ್ಲಿ, ಕೊಲಂಬೊ ಯೋಜನೆ ಎಂಬ ಅಂತಾರಾಷ್ಟ್ರೀಯ ಸಹಕಾರ ಕಾರ್ಯಕ್ರಮದಡಿ ಆಸ್ಟ್ರೇಲಿಯದ ನೆರವಿನೊಂದಿಗೆ ಕೇಂದ್ರ ಸರ್ಕಾರ ಸ್ಥಾಪಿಸಿದ ಮಾಡರ್ನ್ ಬೇಕರೀಸ್, ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಘಟಕಗಳನ್ನು ತೆರೆದು, ಅಗ್ಗದ ಬ್ರೆಡ್ಡನ್ನು ಜನಸಾಮಾನ್ಯರ ಮನೆಗೆ ತಲುಪಿಸಿತು. 1982ರಲ್ಲಿ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆ, 1991ರ ಉದಾರೀಕರಣದ ನಂತರ ಪೈಪೋಟಿ ಹೆಚ್ಚಿದ ಮಾರುಕಟ್ಟೆಯಲ್ಲಿ ಸೊರಗುತ್ತ ಬಂದಿತು.

2000ದ ಜನವರಿಯಲ್ಲಿ ಸರ್ಕಾರ ಇದರ ಶೇ. 74ರಷ್ಟು ಷೇರುಗಳನ್ನು, ಆಗ ಆಂಗ್ಲೋ-ಡಚ್ ಕಂಪನಿಯಾಗಿದ್ದ ಯೂನಿಲಿವರ್‌ನ ಅಂಗಸಂಸ್ಥೆಯಾದ ಹಿಂದೂಸ್ತಾನ್ ಲಿವರ್‌ಗೆ ಸುಮಾರು 105 ಕೋಟಿ ರೂಪಾಯಿಗೆ ಮಾರಿತು. ಷೇರುಗಳ ಜೊತೆಗೆ ಆಡಳಿತದ ಹಿಡಿತವನ್ನೂ ಖರೀದಿದಾರರಿಗೆ ಬಿಟ್ಟುಕೊಡುವ ಈ ಕ್ರಮಕ್ಕೆ ಕಾರ್ಯತಂತ್ರದ ಮಾರಾಟ ಎನ್ನುತ್ತಾರೆ. ಕೇಂದ್ರ ಸರ್ಕಾರದ ಉದ್ಯಮವೊಂದು ಹೀಗೆ ಕೈಬದಲಾದದ್ದು ಇದೇ ಮೊದಲು. ಹೊಸ ಮಾಲೀಕರು ಗುಣಮಟ್ಟ, ಹೆಸರಿನ ಪ್ರಚಾರ ಮತ್ತು ವಿತರಣೆಯನ್ನು ಸುಧಾರಿಸುವುದರ ಜೊತೆಗೆ, ಪರಿಹಾರ ಪಡೆದು ತಾವಾಗಿ ಕೆಲಸ ಬಿಡಲು ನೌಕರರಿಗೆ ಅವಕಾಶ ನೀಡುವ ಸ್ವಯಂನಿವೃತ್ತಿ ಯೋಜನೆಯನ್ನೂ ತಂದರು. 2002ರಲ್ಲಿ ಉಳಿದ ಷೇರುಗಳೂ ಅವರ ಕೈಸೇರಿದವಾದರೂ, 2016ರಲ್ಲಿ ಅವರು ಈ ವ್ಯವಹಾರವನ್ನು ಬೇರೊಬ್ಬರಿಗೆ ಮಾರಿದರು. 2021ರಲ್ಲಿ ಅದು ಮೆಕ್ಸಿಕೊದ ಗ್ರೂಪೊ ಬಿಂಬೊ ಕಂಪನಿಯ ವಶವಾಯಿತು.

ಒಡೆತನ ಬದಲಾದ ಮಾತ್ರಕ್ಕೆ ಸಂಸ್ಥೆಯೊಂದರ ಪುನಶ್ಚೇತನ ಪೂರ್ಣವಾಗುವುದಿಲ್ಲವೆಂಬುದನ್ನು ಈ ಇತಿಹಾಸ ಸ್ಪಷ್ಟಪಡಿಸುತ್ತದೆ.